ನಾಲ್ಕು ಸೆಮ್ ಮುಗೀತು, ಕಲಿತದ್ದೇನು?

ಪ್ರಶ್ನೆ: ಮೇಡಂ, ನಾನು ಗದಗ ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮೀಡಿಯಂ. ಸಿಇಟಿಯಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗಲಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಒಂದು ಕಾಲೇಜಿನಲ್ಲಿ ಇನ್ಫರ್ಮೇಶನ್ ಸೈನ್ಸ್ (ಐಎಸ್) ಸಿಕ್ಕಿತು. ಈಗ ನಾಲ್ಕನೇ ಸೆಮ್ ಮುಗಿದಿದೆ. ಬ್ಯಾಕ್‌ಲಾಗ್ ಇಲ್ಲ, ಮಾರ್ಕ್ಸ್ ಚೆನ್ನಾಗಿದೆ. ಆದರೆ ರಜೆಯಲ್ಲಿ ಕೂತು ಯೋಚಿಸಿದರೆ ಏನು ಕಲಿತೆ ಅಂತಲೇ ಗೊತ್ತಾಗುತ್ತಿಲ್ಲ. ಲ್ಯಾಬ್ ಪ್ರೋಗ್ರಾಂ ಬಾಯಿಪಾಠ ಮಾಡಿದ್ದೇವೆ, ರೆಕಾರ್ಡ್ ಬರೆದಿದ್ದೇವೆ, ಅಷ್ಟೇ. ಸಿ, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ ಎಲ್ಲಾ ಐವತ್ತು ವರ್ಷ ಹಳೆಯದು, ಕಂಪನಿಯಲ್ಲಿ ಯಾರೂ ಕೇಳಲ್ಲ ಅಂತ ಸೀನಿಯರ್ಸ್ ಹೇಳುತ್ತಾರೆ. ಕೋಡ್ ಅಂತೂ ಈಗ ಎಐ ಬರೆದುಕೊಡುತ್ತದೆ. ಐಎಸ್ ಅಂದರೆ ಸಿಎಸ್‌ಗಿಂತ ಕಡಿಮೆಯಾ? ಕನ್ನಡ ಮೀಡಿಯಂನಿಂದ ಬಂದವರಿಗೆ ಈ ಫೀಲ್ಡ್ ಆಗಿಬರುತ್ತಾ? ಐದನೇ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟ್ ಇದೆ. ದುಡ್ಡು ಕೊಟ್ಟು ತಗೊಂಡರಾಯ್ತು ಅಂತಾರೆ ಗೆಳತಿಯರು. ನಾನು ಏನು ಮಾಡಲಿ?

ಉತ್ತರ: ಬೇಗ ಮುಗಿಯುವ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಐಎಸ್ ಯಾವ ಲೆಕ್ಕದಲ್ಲೂ ಸಿಎಸ್‌ಗಿಂತ ಕಡಿಮೆ ಅಲ್ಲ. ವಿಟಿಯುನಲ್ಲಿ ಈ ಎರಡು ಬ್ರಾಂಚ್‌ಗಳ ಮುಖ್ಯ ವಿಷಯಗಳು ಬಹುಪಾಲು ಒಂದೇ. ನಿಮ್ಮ ಡೇಟಾ ಸ್ಟ್ರಕ್ಚರ್ಸ್ ಪುಸ್ತಕವನ್ನು ಸಿಎಸ್ ಗೆಳತಿಯ ಪುಸ್ತಕದ ಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ. ವ್ಯತ್ಯಾಸ ಇರುವುದು ಹೆಚ್ಚಾಗಿ ಮೇಲಿನ ಸೆಮಿಸ್ಟರ್‌ಗಳ ಇಲೆಕ್ಟಿವ್‌ಗಳಲ್ಲಿ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲೂ ‘ಕಂಪ್ಯೂಟರ್ ಸೈನ್ಸ್ ಅಂಡ್ ಇನ್ಫರ್ಮೇಶನ್ ಟೆಕ್ನಾಲಜಿ’ ಅಂತ ಇಬ್ಬರಿಗೂ ಒಂದೇ ಪೇಪರ್. ಸಿಇಟಿ ಕಟ್‌ಆಫ್‌ನಲ್ಲಿ ಕಾಣುವ ಅಂತರ ಆ ಹೆಸರಿಗೆ ಎಷ್ಟು ಜನ ಮುಗಿಬೀಳುತ್ತಾರೆ ಅನ್ನುವುದರ ಅಂತರ. ಒಳಗಿರುವ ಪಾಠದ್ದಲ್ಲ.

ಒಂದು ವಿಷಯ ಮಾತ್ರ ತಿಳಿದಿರಲಿ. ಹೊರದೇಶಗಳಲ್ಲಿ ‘ಇನ್ಫರ್ಮೇಶನ್ ಸಿಸ್ಟಮ್ಸ್’ ಅನ್ನುವ ಕೋರ್ಸ್ ಇದೆ. ಅದರಲ್ಲಿ ಬಿಸಿನೆಸ್, ಮ್ಯಾನೇಜ್‌ಮೆಂಟ್ ಪಾಲು ಜಾಸ್ತಿ. ಮುಂದೆ ಎಂಎಸ್‌ಗೆ ಅರ್ಜಿ ಹಾಕುವ ಮನಸ್ಸಿದ್ದರೆ ನಿಮ್ಮ ಡಿಗ್ರಿಯ ಹೆಸರು ನೋಡಿ ಅಲ್ಲಿನವರು ಅದೇ ಕೋರ್ಸ್ ಅಂದುಕೊಳ್ಳಬಹುದು. ಸಿಲಬಸ್ ಪ್ರತಿಯನ್ನು ಈಗಿನಿಂದಲೇ ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳಿ. ಆ ವಿಷಯ ಇಲ್ಲಿಗೆ ಮುಗಿಯಿತು.

ಈಗ ದೊಡ್ಡ ಪ್ರಶ್ನೆ. ಸಿಲಬಸ್ ಹಳೆಯದು ಅನ್ನುವುದು ನಿಜ. ಸಿ ಭಾಷೆ ಹುಟ್ಟಿದ್ದು 1972ರ ಹೊತ್ತಿಗೆ. ಡಿಬಿಎಂಎಸ್‌ನಲ್ಲಿ (ಡೇಟಾಬೇಸ್ ವಿಷಯ) ನೀವು ಓದಿದ, ಡೇಟಾವನ್ನು ಟೇಬಲ್‌ಗಳಲ್ಲಿ ಇಡುವ ರಿಲೇಶನಲ್ ಮಾಡೆಲ್ ಅನ್ನು ಐಬಿಎಂನ ಎಡ್ಗರ್ ಕಾಡ್ ಬರೆದು ಪ್ರಕಟಿಸಿದ್ದು 1970ರಲ್ಲಿ. ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಆಲ್ಗಾರಿದಮ್ ಇನ್ನೂ ಹಳೆಯದು, 1959ರದ್ದು. ಆದರೆ ನಿಮ್ಮ ಕೈಲಿರುವ ಮೊಬೈಲ್ ನೋಡಿ. ಆಂಡ್ರಾಯ್ಡ್‌ನ ತಳದಲ್ಲಿರುವ ಲಿನಕ್ಸ್ ಕರ್ನಲ್ ಬಹುಪಾಲು ಬರೆದಿರುವುದು ಸಿ ಭಾಷೆಯಲ್ಲೇ. ಆ ಫೋನಿನ ಆಪ್‌ಗಳು ಡೇಟಾ ಇಟ್ಟುಕೊಳ್ಳಲು ಬಳಸುವ ಎಸ್‌ಕ್ಯೂಲೈಟ್ ಕೂಡ ಸಿ. ಎಲ್ಲರೂ ಕಲಿಯಿರಿ ಅನ್ನುವ ಪೈಥಾನ್ ಇದೆಯಲ್ಲ, ಅದರ ಪ್ರೋಗ್ರಾಂ ಓಡಿಸುವ ಮುಖ್ಯ ಇಂಟರ್‌ಪ್ರಿಟರ್ ಸಹ ಸಿ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಿ. 2010ರಲ್ಲಿ ಗೂಗಲ್ ವೆಬ್ ಪುಟ ಕಟ್ಟುವ ಆಂಗ್ಯುಲರ್‌ಜೆಎಸ್ ತಂದಿತು. ಕೆಲವು ವರ್ಷ ಎಲ್ಲೆಲ್ಲೂ ಅದರದ್ದೇ ಸುದ್ದಿ, ಅದು ಗೊತ್ತಿದ್ದವರಿಗೆ ತಕ್ಷಣ ಕೆಲಸ. 2021ರ ಕೊನೆಗೆ ಅದಕ್ಕೆ ಬೆಂಬಲವೇ ನಿಂತುಹೋಯಿತು. ಸೀನಿಯರ್ಸ್ ಹೇಳುವ ಹೊಸ ಟೂಲ್‌ಗಳನ್ನು ಕಲಿಯಬೇಡಿ ಅಂತ ನಾನು ಹೇಳುವುದಿಲ್ಲ. ಖಂಡಿತ ಕಲಿಯಿರಿ, ಕೆಲಸಕ್ಕೆ ಬೇಕು. ಆದರೆ ಅದಕ್ಕೆ ಒಂದೆರಡು ರಜೆ ಸಾಕು. ಡೇಟಾ ಸ್ಟ್ರಕ್ಚರ್ಸ್, ಓಎಸ್, ಡಿಬಿಎಂಎಸ್, ನೆಟ್‌ವರ್ಕ್ಸ್ ಹಾಗಲ್ಲ. ಇವುಗಳಿಗೆ ಕೂತು ಓದುವ ಸಮಯ ಸಿಗುವುದು ಕಾಲೇಜಿನಲ್ಲಿ ಮಾತ್ರ. ಕೆಲಸಕ್ಕೆ ಸೇರಿದ ಮೇಲೆ ಬಿಡುವು ಮಾಡಿಕೊಂಡು ಇದನ್ನೆಲ್ಲ ಓದುತ್ತೇನೆ ಅಂದುಕೊಂಡವರಲ್ಲಿ ಬಹಳ ಕಡಿಮೆ ಜನ ಓದಿದ್ದನ್ನು ನೋಡಿದ್ದೇನೆ.

ನಿಮ್ಮ ಕೊರಗು ಸಿಲಬಸ್‌ನಿಂದ ಬಂದದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಅದನ್ನು ನಾವು ಮುಗಿಸುವ ರೀತಿಯಿಂದ ಬಂದದ್ದು. ಪೇಪರ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಐದು ಮಾಡ್ಯೂಲ್, ಹತ್ತು ಪ್ರಶ್ನೆ, ಒಂದೊಂದು ಮಾಡ್ಯೂಲ್‌ನಿಂದ ಒಂದೊಂದು ಬರೆದರೆ ಆಯಿತು. ಹಳೇ ಪ್ರಶ್ನೆಪತ್ರಿಕೆ ತಿರುವಿ ಹಾಕಿ ‘ಇಂಪಾರ್ಟೆಂಟ್’ ಓದಿದವರು ಆರಾಮಾಗಿ ಪಾಸಾಗುತ್ತಾರೆ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತುತ್ತೀರಿ, ಬಂದ ಪ್ರೋಗ್ರಾಂ ಬರೆಯುತ್ತೀರಿ, ಔಟ್‌ಪುಟ್ ಬಂದರೆ ಉಸಿರು ಬಿಡುತ್ತೀರಿ. ಗೊತ್ತಿಲ್ಲದ್ದು ಬಂದರೆ ಚೇಂಜ್ ಆಫ್ ಪ್ರೋಗ್ರಾಂ, ಅದಕ್ಕೆ ಮಾರ್ಕ್ಸ್ ಕಟ್. ಇಡೀ ವ್ಯವಸ್ಥೆಯೇ ಬಾಯಿಪಾಠಕ್ಕೆ ಬಹುಮಾನ ಕೊಡುವಾಗ ಹತ್ತೊಂಬತ್ತು ವರ್ಷದ ಹುಡುಗಿ ಬಾಯಿಪಾಠ ಮಾಡಿದರೆ ಅದು ಅವಳ ತಪ್ಪು ಅಂತ ನಾನು ಹೇಳಲಾರೆ. ಆದರೆ ಇದರಿಂದ ಹೊರಗೆ ಬರುವ ದಾರಿ ಇದೆ. ಅದಕ್ಕೆ ಹೊಸ ಪುಸ್ತಕವೂ ಬೇಡ, ಹೊಸ ಕೋರ್ಸೂ ಬೇಡ. ನಿಮ್ಮ ರೆಕಾರ್ಡ್‌ನಲ್ಲಿ ಇರುವ ಪ್ರೋಗ್ರಾಂ ಸಾಕು. ಒಂದನ್ನು ತೆಗೆದುಕೊಂಡು ತೋರಿಸುತ್ತೇನೆ.

ಮೊದಲ ವರ್ಷದಲ್ಲಿ ಪ್ಯಾಲಿಂಡ್ರೋಮ್ ಪ್ರೋಗ್ರಾಂ ಬರೆದಿರುತ್ತೀರಿ. ಎಡದಿಂದಲೂ ಬಲದಿಂದಲೂ ಓದಿದರೆ ಒಂದೇ ಆಗಿರುವ ಪದವನ್ನು ಗುರುತಿಸುವುದು. ಎಲ್ಲರೂ ಕೊಡುವ ಇನ್‌ಪುಟ್ ‘madam’ ಅನ್ನುವ ಇಂಗ್ಲಿಷ್ ಪದ. ಔಟ್‌ಪುಟ್ ಬರುತ್ತದೆ, ಸಹಿ ಬೀಳುತ್ತದೆ. ಈಗ ಅದೇ ಪ್ರೋಗ್ರಾಂಗೆ ನಿಮ್ಮ ಜಿಲ್ಲೆಯ ಹೆಸರು ಕೊಡಿ. ‘ಗದಗ’. ಎರಡನೇ ಕ್ಲಾಸಿನ ಮಗು ಕೂಡ ಇದು ಎರಡೂ ಕಡೆಯಿಂದ ಒಂದೇ ಅಂತ ಹೇಳುತ್ತದೆ. ಲಿನಕ್ಸ್‌ನಲ್ಲಿ ನಿಮ್ಮ ಸಿ ಪ್ರೋಗ್ರಾಂ ಓಡಿಸಿ ನೋಡಿ. ಅಲ್ಲ ಅನ್ನುತ್ತದೆ!

ಯಾಕೆ? ಸ್ಟ್ರ್‌ಲೆನ್ ಹಾಕಿ ಪದದ ಉದ್ದ ಪ್ರಿಂಟ್ ಮಾಡಿ. ಮೂರು ಬರಬೇಕಿತ್ತು, 9 ಬರುತ್ತದೆ. ಸಿ ಎಣಿಸುವುದು ಬೈಟ್‌ಗಳನ್ನು. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಕೋಡ್‌ಗೆ (ಅಕ್ಷರಕ್ಕೋ ಚಿಹ್ನೆಗೋ ಕೊಟ್ಟ ಸಂಖ್ಯೆಗೆ) ಮೂರು ಬೇಕು. ನಿಮ್ಮ ಪ್ರೋಗ್ರಾಂ ಮೊದಲ ‘ಗ’ದ ಮೊದಲ ಬೈಟನ್ನು ಕೊನೆಯ ‘ಗ’ದ ಕೊನೆಯ ಬೈಟ್ ಜೊತೆ ಹೋಲಿಸುತ್ತಿದೆ. ಹೊಂದುವುದಾದರೂ ಹೇಗೆ? (ಈ ಯುಟಿಎಫ್-8 ಅನ್ನು 1992ರಲ್ಲಿ ರೂಪಿಸಿದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. 1969ರಲ್ಲಿ ಯುನಿಕ್ಸ್ ಶುರು ಮಾಡಿದವರೂ ಇದೇ ಥಾಂಪ್ಸನ್. ಹಳೇ ಸಿಲಬಸ್ಸಿನವರೇ ನಮ್ಮ ಕನ್ನಡವನ್ನು ಇವತ್ತು ನೆಟ್‌ನಲ್ಲಿ ಹೊತ್ತಿದ್ದಾರೆ ನೋಡಿ.)

ಸರಿ, ಪೈಥಾನ್‌ಗೆ ಹೋಗಿ. ಅಲ್ಲಿ ‘ಗದಗ’ದ ಉದ್ದ 3, ಪ್ಯಾಲಿಂಡ್ರೋಮ್ ಹೌದು ಅನ್ನುತ್ತದೆ. ಖುಷಿಪಟ್ಟು ಅಲ್ಲೇ ನಿಲ್ಲಬೇಡಿ. ತೆನಾಲಿ ರಾಮಕೃಷ್ಣನ ‘ವಿಕಟಕವಿ’ ಕೊಡಿ. ನಮ್ಮ ಕಣ್ಣಿಗೆ ಅದರಲ್ಲಿ ಐದು ಅಕ್ಷರ: ವಿ, ಕ, ಟ, ಕ, ವಿ. ಪೈಥಾನ್ 7 ಅನ್ನುತ್ತದೆ. ಸಿ 21 ಅನ್ನುತ್ತದೆ. ಪ್ಯಾಲಿಂಡ್ರೋಮ್ ಅಲ್ಲ ಅಂತ ಎರಡೂ ಹೇಳುತ್ತವೆ. ಭಾಷೆಗಳ ಅಕ್ಷರಗಳಿಗೆ ಕೋಡ್ ಕೊಡುವ ಯುನಿಕೋಡ್‌ನಲ್ಲಿ ‘ವಿ’ ಅಂದರೆ ‘ವ’ಕ್ಕೆ ಒಂದು ಕೋಡ್, ಅದರ ಗುಡಿಸಿಗೆ ಇನ್ನೊಂದು ಕೋಡ್. ತಿರುಗಿಸಿದಾಗ ಗುಡಿಸು ‘ವ’ಕ್ಕಿಂತ ಮುಂದೆ ಬಂದು ಕೂರುತ್ತದೆ. ‘ಕರ್ನಾಟಕ’ವನ್ನು ಪೈಥಾನ್‌ನಲ್ಲಿ ತಿರುಗಿಸಿ, ‘ಕಟಾನ್ರಕ’ ಬರುತ್ತದೆ. ‘ನ’ದ ದೀರ್ಘ ಹೋಗಿ ‘ಟ’ಕ್ಕೆ ಅಂಟಿಕೊಂಡಿದೆ, ಒತ್ತಕ್ಷರ ಬೇರೆಯದೇ ಆಗಿದೆ.

ಇಲ್ಲಿಂದ ನಿಜವಾದ ಕೆಲಸ ಶುರು. ಒಂದು ಅಕ್ಷರ ಎಲ್ಲಿ ಮುಗಿಯುತ್ತದೆ ಅಂತ ಕಂಪ್ಯೂಟರ್‌ಗೆ ಹೇಗೆ ಹೇಳುತ್ತೀರಿ? ಕಾಗುಣಿತದ ಚಿಹ್ನೆ ಬಂದರೆ ಹಿಂದಿನದಕ್ಕೆ ಸೇರಿಸಿ. ಸೊನ್ನೆ, ವಿಸರ್ಗ ಬಂದರೂ ಸೇರಿಸಿ. ಅರ್ಧಾಕ್ಷರದ ಚಿಹ್ನೆ ಬಂದರೆ ಅದನ್ನೂ ಸೇರಿಸಿ, ಅದರ ನಂತರ ವ್ಯಂಜನ ಬಂದರೆ ಅದನ್ನೂ ಎಳೆದುಕೊಳ್ಳಿ. ‘ಬಸ್’ ಅನ್ನುವಂತೆ ಕೊನೆಯಲ್ಲಿ ಬಂದರೆ ಅಲ್ಲಿಗೆ ಮುಗಿಸಿ. ಇನ್ನು ನೀವೇ ಬರೆದ ‘ಬ್ಯಾಕ್‌ಲಾಗ್’ ನೋಡಿ. ಅಲ್ಲಿ ಕ್ ಮತ್ತು ಲಾ ಒತ್ತಾಗದೆ ಬೇರೆ ಬೇರೆ ನಿಂತಿವೆ. ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಇದೆ, ಜೋಡಿಸಬೇಡ ಅಂತ ಹೇಳಲಿಕ್ಕೆ. ಅದನ್ನೂ ನೋಡಿಕೊಳ್ಳಬೇಕು. ಈ ನಿಯಮಗಳನ್ನು ಒಂದು ಹಾಳೆಯಲ್ಲಿ ವೃತ್ತ, ಬಾಣ ಹಾಕಿ ಬರೆದುಕೊಳ್ಳಿ. ಈಗ ಯಾವ ಸ್ಥಿತಿಯಲ್ಲಿದ್ದೇನೆ, ಯಾವ ಕೋಡ್ ಬಂದರೆ ಎಲ್ಲಿಗೆ ಹೋಗುತ್ತೇನೆ ಅಂತ. ನೀವು ಬರೆದದ್ದು ಫೈನೈಟ್ ಆಟೊಮ್ಯಾಟಾ! ಐದನೇ ಸೆಮ್‌ನಲ್ಲಿ ಥಿಯರಿ ಆಫ್ ಕಂಪ್ಯೂಟೇಶನ್ ಬಂದಾಗ ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಪಕ್ಕದವರು ಕೇಳುತ್ತಾರೆ. ನಿಮ್ಮ ಹತ್ತಿರ ಉತ್ತರ ಇರುತ್ತದೆ.

ಒಂದು ಚಿಕ್ಕ ಲ್ಯಾಬ್ ಪ್ರೋಗ್ರಾಂ. ಅದರೊಳಗೆ ಮೆಮೊರಿ, ಎನ್‌ಕೋಡಿಂಗ್, ಸ್ಟ್ರಿಂಗ್, ಆಟೊಮ್ಯಾಟಾ ಎಲ್ಲಾ ಇದ್ದವು. ಇನ್‌ಪುಟ್ ಬದಲಾಯಿಸುವವರೆಗೆ ಕಾಣಲಿಲ್ಲ. ನನ್ನ ಸಲಹೆಯ ಮುಖ್ಯ ಭಾಗ ಇಷ್ಟೇ. ರೆಕಾರ್ಡ್‌ನಲ್ಲಿರುವ ಪ್ರತಿ ಪ್ರೋಗ್ರಾಂಗೂ ಅದು ನಿರೀಕ್ಷಿಸದ ಇನ್‌ಪುಟ್ ಕೊಡಿ. ಸಾರ್ಟಿಂಗ್‌ಗೆ ಹತ್ತು ಸಂಖ್ಯೆಯ ಬದಲು ಹತ್ತು ಲಕ್ಷ ಸಂಖ್ಯೆ ಕೊಟ್ಟು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ನೋಡಿ. ಬಬಲ್ ಸಾರ್ಟ್ ಯಾಕೆ ಬೇಡ, ಮರ್ಜ್ ಸಾರ್ಟ್ ಯಾಕೆ ಬೇಕು ಅಂತ ಆಮೇಲೆ ಯಾರೂ ಹೇಳಿಕೊಡಬೇಕಿಲ್ಲ. ಓಎಸ್‌ನ ಕ್ರಿಟಿಕಲ್ ಸೆಕ್ಷನ್ (ಒಂದು ಸಲಕ್ಕೆ ಒಬ್ಬರೇ ಒಳಗೆ ಹೋಗಬೇಕಾದ ಭಾಗ) ಓದುವಾಗ ದೀಪಾವಳಿ ಮುಂಚಿನ ಬೆಂಗಳೂರು-ಗದಗ ಬಸ್ ನೆನೆಸಿಕೊಳ್ಳಿ. ಉಳಿದಿರುವ ಒಂದೇ ಸೀಟನ್ನು ಇಬ್ಬರು ಒಂದೇ ಕ್ಷಣಕ್ಕೆ ಒತ್ತಿದರೆ? ಒಟ್ಟಿಗೆ ಓಡುವ ಎರಡು ಥ್ರೆಡ್ ಬರೆದು, ಲಾಕ್ ಇಲ್ಲದೆ ಓಡಿಸಿ, ಸೀಟು ಇಬ್ಬರಿಗೂ ಸಿಗುವವರೆಗೆ ಮತ್ತೆ ಮತ್ತೆ ಓಡಿಸಿ. ಆಮೇಲೆ ಲಾಕ್ ಹಾಕಿ. ನೆಟ್‌ವರ್ಕ್ಸ್ ಬಂದಾಗ ನೆಟ್‌ವರ್ಕ್‌ನಲ್ಲಿ ಓಡಾಡುವುದನ್ನು ತೋರಿಸುವ ವೈರ್‌ಶಾರ್ಕ್ ಹಾಕಿಕೊಂಡು, ಎರಡು ಕಂಪ್ಯೂಟರ್ ಸಂಪರ್ಕ ಶುರು ಮಾಡುವ ಪುಸ್ತಕದ ಮೂರು ಹೆಜ್ಜೆಯ ಹ್ಯಾಂಡ್‌ಶೇಕ್ ನಿಮ್ಮದೇ ಕಂಪ್ಯೂಟರಿನಲ್ಲಿ ನಡೆಯುವುದನ್ನು ನೋಡಿ. ಇವಕ್ಕೆಲ್ಲ ಹಳೇ ಲ್ಯಾಪ್‌ಟಾಪ್ ಸಾಕು, ಎಲ್ಲಾ ಟೂಲ್‌ಗಳೂ ಉಚಿತ.

ಎಐ ಬಗ್ಗೆ ನೀವು ಬರೆದಿದ್ದರಲ್ಲಿ ಭಯ ಕಾಣುತ್ತದೆ. ಅದು ಸಹಜ. ಅದೇ ಪ್ಯಾಲಿಂಡ್ರೋಮ್ ಅನ್ನೇ ಕೇಳಿ ನೋಡಿ. ಸುಮ್ನೆ ಪ್ರೋಗ್ರಾಂ ಬರೆದುಕೊಡು ಅಂದರೆ ಸಾಮಾನ್ಯವಾಗಿ ಪದವನ್ನು ತಿರುಗಿಸಿ ಹೋಲಿಸುವ ಒಂದು ಸಾಲು ಕೊಡುತ್ತದೆ. ಅದು ‘ವಿಕಟಕವಿ’ಗೆ ಸೋಲುತ್ತದೆ. ಕನ್ನಡದ ಒಂದು ಅಕ್ಷರ ಹಲವು ಕೋಡ್‌ಗಳಿಂದ ಆಗಿರುತ್ತದೆ, ಅಕ್ಷರಗಳ ಗುಂಪು ಮಾಡಿ ಹೋಲಿಸು ಅಂತ ಹೇಳಿದರೆ ಚೆನ್ನಾಗಿಯೇ ಬರೆಯಬಹುದು. ಆದರೆ ಹಾಗೆ ಹೇಳಬೇಕು ಅಂತ ನಿಮಗೆ ಮೊದಲೇ ಗೊತ್ತಿರಬೇಕು, ಬಂದದ್ದು ಸರಿಯಾ ಅಂತ ಪರೀಕ್ಷೆ ಮಾಡಲೂ ಬರಬೇಕು. ಹಾಗಾಗಿ ಎಐ ಬಳಸಿ, ಆದರೆ ಕ್ರಮ ಬದಲಾಯಿಸಿ. ಮೊದಲು ನೀವು ಬರೆಯಿರಿ, ಕೆಟ್ಟದಾಗಿಯಾದರೂ ಸರಿ. ಆಮೇಲೆ ಅದರ ಉತ್ತರ ನೋಡಿ, ಎಲ್ಲಿ ಬೇರೆಯಾಗಿದೆ, ಯಾಕೆ ಅಂತ ಕೇಳಿ. ಓದುವ ವಯಸ್ಸಿನಲ್ಲಿ ತಾನು ಯೋಚಿಸುವ ಮೊದಲೇ ಉತ್ತರ ನೋಡುವ ಅಭ್ಯಾಸ ಹತ್ತಿಬಿಟ್ಟರೆ ಬಿಡಿಸಿಕೊಳ್ಳುವುದು ಕಷ್ಟ. ಇದು ನನಗೆ ನಿಜವಾಗಿ ಚಿಂತೆಯ ವಿಷಯ. ಈಚೆಗೆ ನನ್ನ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳು ಚೊಕ್ಕ ಕೋಡ್ ತೋರಿಸುತ್ತಾರೆ. ಒಂದು ಸಾಲನ್ನು ಬೆರಳಿಟ್ಟು ಇದು ಯಾಕೆ ಅಂದರೆ ಮೌನ.

ಕನ್ನಡ ಮೀಡಿಯಂ ವಿಷಯಕ್ಕೆ ಬರುತ್ತೇನೆ. ಆಗಿಬರುತ್ತಾ ಅಂತ ಕೇಳಿದ್ದೀರಿ. ಬ್ಯಾಕ್‌ಲಾಗ್ ಇಲ್ಲದೆ ನಾಲ್ಕು ಸೆಮ್ ಮುಗಿಸಿದ್ದೀರಲ್ಲ, ಆಗಿಬಂದಿದೆ. ಕಷ್ಟ ಎರಡು ಥರ ಇರುತ್ತದೆ, ಎರಡನ್ನೂ ಬೇರೆ ಬೇರೆ ನೋಡಿ. ಒಂದು, ವಿಷಯ ಅರ್ಥವಾಗದ್ದು. ಇನ್ನೊಂದು, ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದ್ದು. ಮೊದಲನೆಯದಕ್ಕೆ ಕನ್ನಡವೇ ಮದ್ದು. ಡೆಡ್‌ಲಾಕ್ ಅಂದರೇನು ಅಂತ ನಿಮ್ಮ ತಮ್ಮನಿಗೋ ತಂಗಿಗೋ ಊರ ಮಾತಿನಲ್ಲಿ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೇ ಅರ್ಥವಾಗಿಲ್ಲ. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ಯೋಚನೆ ಕನ್ನಡದಲ್ಲಿ ನಡೆಯಲಿ. ಅದರಿಂದ ನಷ್ಟ ಏನೂ ಇಲ್ಲ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನ ಕೆಲವು ಕೋರ್ಸ್‌ಗಳ ಪಾಠ ಕನ್ನಡ ಅನುವಾದದಲ್ಲೂ ಸಿಗುತ್ತದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇ ತನ್ನ ಇ-ಕುಂಭ್ ಪೋರ್ಟಲ್‌ನಲ್ಲಿ ಎಂಜಿನಿಯರಿಂಗ್ ಪುಸ್ತಕಗಳನ್ನು ಕನ್ನಡದಲ್ಲಿ ಹಾಕಿದೆ. ಹುಡುಕಿ ನೋಡಿ.

ಎರಡನೆಯದಕ್ಕೆ ಅಭ್ಯಾಸ ಬೇಕು, ಗ್ರಾಮರ್ ಪುಸ್ತಕ ಅಲ್ಲ. ನೀವು ಬರೆದ ಒಂದು ಪ್ರೋಗ್ರಾಂ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿ. ಮರುದಿನ ಇನ್ನೊಂದು. ಇಂಟರ್‌ವ್ಯೂನಲ್ಲಿ ಕೂರುವವರು ನಿಮ್ಮ ಉಚ್ಚಾರಣೆಗಿಂತ ನಿಮ್ಮ ಪ್ರಾಜೆಕ್ಟ್ ನಿಮ್ಮದೇನಾ ಅಂತ ಜಾಸ್ತಿ ನೋಡುತ್ತಾರೆ. ತಾನೇ ಮಾಡಿದ್ದನ್ನು ಹೇಳುವಾಗ ಮಾತು ತಾನಾಗಿ ಬರುತ್ತದೆ. ಮಾಡದ್ದನ್ನು ಹೇಳುವಾಗ ಕಾನ್ವೆಂಟಿನಲ್ಲಿ ಓದಿದವರೂ ತೊದಲುತ್ತಾರೆ.

ಅದಕ್ಕೇ ಪ್ರಾಜೆಕ್ಟ್ ಕೊಳ್ಳಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ದುಡ್ಡು ಹೋಗುವುದು ಚಿಕ್ಕ ವಿಷಯ. ನಾಲ್ಕು ವರ್ಷದಲ್ಲಿ ಇದು ನನ್ನದು ಅಂತ ತೋರಿಸಬಹುದಾದದ್ದು ಈ ಒಂದೆರಡು ಪ್ರಾಜೆಕ್ಟ್ ಮಾತ್ರ. ಅದನ್ನೂ ಅಂಗಡಿಗೆ ಬಿಟ್ಟುಕೊಟ್ಟರೆ ಉಳಿಯುವುದೇನು? ಅಂಗಡಿಯವರು ಕೊಡುವುದು ಫೇಸ್ ರೆಕಗ್ನಿಶನ್ ಹಾಜರಿ, ಬೆಳೆ ರೋಗ ಪತ್ತೆ ಅಂತ ದೊಡ್ಡ ಹೆಸರಿನವು. ಒಂದೇ ಕೋಡ್ ಬೇರೆ ಬೇರೆ ಕವರ್ ಪೇಜ್ ಹಾಕಿಕೊಂಡು ಊರೂರು ಸುತ್ತುತ್ತಿರುತ್ತದೆ. ಪರೀಕ್ಷಕರಿಗೆ ಅದು ಮೊದಲ ಸ್ಲೈಡಿಗೇ ಗೊತ್ತಾಗುತ್ತದೆ.

ನಿಮ್ಮ ಊರಲ್ಲಿ ಹಾಲಿನ ಡೈರಿ ಇದೆಯಾ? ಇದ್ದರೆ ಅಲ್ಲೇ ನಿಮ್ಮ ಮಿನಿ ಪ್ರಾಜೆಕ್ಟ್ ಇದೆ. ಬೆಳಿಗ್ಗೆ, ಸಂಜೆ ಸದಸ್ಯರು ಹಾಲು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ದಾಖಲಾಗುತ್ತದೆ, ಅದರ ಮೇಲೆ ರೇಟ್. ಸರ್ಕಾರದ ಪ್ರೋತ್ಸಾಹಧನದ ಲೆಕ್ಕ ಬೇರೆ. ಕೇಳಲು ಸುಲಭ. ಟೇಬಲ್ ಮಾಡಲು ಕೂತುಕೊಳ್ಳಿ, ಆಗ ನೋಡಿ. ರೇಟನ್ನು ಎಲ್ಲಿ ಇಡುತ್ತೀರಿ? ಒಂದೇ ಜಾಗದಲ್ಲಿ ಇಟ್ಟು ಬದಲಾದಾಗೆಲ್ಲ ತಿದ್ದಿದರೆ, ಹೋದ ತಿಂಗಳ ಬಿಲ್ ಇವತ್ತು ತೆಗೆದಾಗ ಹೊಸ ರೇಟಿನಲ್ಲಿ ಬರುತ್ತದೆ. ಸದಸ್ಯರು ಸುಮ್ಮನಿರುತ್ತಾರಾ? ಪ್ರತಿ ರೇಟಿಗೂ ಯಾವತ್ತಿನಿಂದ ಜಾರಿ ಅನ್ನುವ ದಿನಾಂಕ ಬೇಕು. ಹಾಲು ಹಾಕಿದ ದಿನಕ್ಕೆ ಯಾವ ರೇಟ್ ಇತ್ತೋ ಅದನ್ನೇ ಹಿಡಿಯುವಂತೆ ಕ್ವೆರಿ ಬರೆಯಬೇಕು. ಒಂದೇ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಸದಸ್ಯರಾಗಿ ಒಂದೇ ಬ್ಯಾಂಕ್ ಖಾತೆ ಕೊಟ್ಟಿದ್ದರೆ? ಕರೆಂಟ್ ಹೋಗಿ ಸಂಜೆ ಪಾಳಿ ಅರ್ಧಕ್ಕೆ ನಿಂತರೆ, ದಾಖಲಾದ ಅರ್ಧ ಉಳಿಯಬೇಕಾ, ಹೋಗಬೇಕಾ? ನಾರ್ಮಲೈಸೇಶನ್, ಪ್ರೈಮರಿ ಕೀ, ಟ್ರಾನ್ಸಾಕ್ಷನ್ ಅಂತ ನೀವು ಪರೀಕ್ಷೆಗೆ ಬರೆದದ್ದೆಲ್ಲಾ ಇಲ್ಲಿ ಹಾಲಿನ ಕ್ಯಾನ್ ಪಕ್ಕ ನಿಂತಿರುತ್ತದೆ. ಕೆಲವು ಡೈರಿಗಳಲ್ಲಿ ಈಗಾಗಲೇ ಸಾಫ್ಟ್‌ವೇರ್ ಇರಬಹುದು. ಇದ್ದರೂ ಪರವಾಗಿಲ್ಲ, ಅದರಲ್ಲಿ ಅವರಿಗೆ ಯಾವುದು ತೊಂದರೆ ಕೊಡುತ್ತದೆ ಅಂತ ಕೇಳಿ. ಅಲ್ಲಿಂದಲೂ ಒಳ್ಳೆಯ ಪ್ರಾಜೆಕ್ಟ್ ಹುಟ್ಟುತ್ತದೆ.

ಇದು ಚಿಕ್ಕದಾಯಿತು, ಎಐ ಇಲ್ಲ ಅಂತ ಗೈಡ್ ಅಂದರೆ ಎದೆಗುಂದಬೇಡಿ. ಟೇಬಲ್‌ಗಳ ಚಿತ್ರ ಮುಂದಿಟ್ಟು ರೇಟಿನ ಪ್ರಶ್ನೆಯನ್ನು ಅವರಿಗೇ ಕೇಳಿ. ಮೇಷ್ಟ್ರಿಗೆ ಇಂಥದ್ದು ಇಷ್ಟ. ಐದನೇ ಸೆಮ್ ಶುರುವಾಗಲು ಇನ್ನೂ ದಿನ ಇದೆ ಅಲ್ವಾ? ಈ ವಾರ ಒಂದು ದಿನ ಬೆಳಿಗ್ಗೆ ಬೇಗ ಎದ್ದು ಡೈರಿಗೆ ಹೋಗಿ, ಕಾರ್ಯದರ್ಶಿಯವರ ಅಪ್ಪಣೆ ಕೇಳಿ, ಪಾಳಿ ಮುಗಿಯುವವರೆಗೆ ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಿರಿ. ಅವರು ರಿಜಿಸ್ಟರ್‌ನಲ್ಲಿ ಏನನ್ನು ತಿದ್ದುತ್ತಾರೆ, ಯಾವುದಕ್ಕೆ ಜಗಳ ಆಗುತ್ತದೆ, ಯಾವುದನ್ನು ಬಾಯಲ್ಲೇ ಲೆಕ್ಕ ಹಾಕುತ್ತಾರೆ, ಎಲ್ಲಾ ಬರೆದುಕೊಳ್ಳಿ. ಟೇಬಲ್ ಡಿಸೈನ್ ಆದ ಮೇಲೆ ನನಗೆ ಕಳಿಸಿ, ನೋಡುತ್ತೇನೆ.